ಸ್ತನ ಕ್ಯಾನ್ಸರ್ ಸಂಶೋಧನೆಗೆ ದಾವಣಗೆರೆಯಲ್ಲಿ ಹಣ ಕೂಡಿಸಲು ನಡಿಗೆ ಒಳ್ಳೆಯದೋ, ಸಂಗೀತ ಸಂಜೆಯೋ?

ತಾಯಿ ತೀರಿಕೊಂಡ ವರ್ಷವೇ, ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳಾದ ಅಕ್ಟೋಬರ್‌ಗೆ ಏನಾದರೂ ಮಾಡಲೇಬೇಕೆಂದು ಹೊರಟಿದ್ದೀರಿ, ನಡಿಗೆಯಿಂದ ಹೆಚ್ಚು ಹಣ ಬರುತ್ತದೆಯೋ ಸಂಗೀತ ಸಂಜೆಯಿಂದಲೋ ಎಂದು ಕೇಳಿದ್ದೀರಿ. ನನ್ನ ಅಕ್ಕ ತೀರಿಕೊಂಡ ಎರಡನೆಯ ವರ್ಷ ಇದೇ ಊರಿನಲ್ಲಿ ಇದೇ ಮಾತನ್ನು ಕೇಳುತ್ತಾ ನಾನೂ ಮನೆ ಮನೆ ತಿರುಗಿದ್ದೆ. ನಾವು ನಡಿಗೆಯನ್ನು ಆರಿಸಿಕೊಂಡೆವು. 2018ರ ಅಕ್ಟೋಬರ್‌ನ ಒಂದು ಭಾನುವಾರ ಬೆಳಿಗ್ಗೆ ವಿದ್ಯಾನಗರದಿಂದ ಹೊರಟು, ಗುಂಡಿ ವೃತ್ತ ಮತ್ತು ರಾಮ್ ಅಂಡ್ ಕೋ ವೃತ್ತಗಳನ್ನು ದಾಟಿ, ಜಯದೇವ ವೃತ್ತದವರೆಗೆ ಸುಮಾರು ಒಂಬೈನೂರು ಜನ ಗುಲಾಬಿ ಬಣ್ಣದ ಅಂಗಿ ತೊಟ್ಟು ನಡೆದರು. ಒಟ್ಟು 3,86,400 ರೂಪಾಯಿ ಕೂಡಿತು. ಅಂಗಿ, ಫ್ಲೆಕ್ಸ್, ಧ್ವನಿವರ್ಧಕ, ನೀರು, ಉಪ್ಪಿಟ್ಟು ಎಂದು 1,42,150 ರೂಪಾಯಿ ಖರ್ಚಾಗಿ 2,44,250 ರೂಪಾಯಿ ಉಳಿಯಿತು. ಹಾಗೆ ಉಳಿದ ಹಣ ಹದಿನಾಲ್ಕು ತಿಂಗಳ ಕಾಲ ಯಾರ ಉಪಯೋಗಕ್ಕೂ ಬಾರದೆ ಬ್ಯಾಂಕಿನಲ್ಲಿ ಬಿದ್ದಿತ್ತು, ಮತ್ತು ಅದಕ್ಕೆ ಕಾರಣಳಾದವಳು ನಾನು.

ಅಕ್ಕ ಹರಿಹರದಲ್ಲಿದ್ದಳು. ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಾಗ ಅವಳಿಗೆ 46 ವರ್ಷ. ಎಂಟು ತಿಂಗಳು ಅವಳು ಅದನ್ನು ಭಾವನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಕೊನೆಗೆ ಚರ್ಮ ಒಳಕ್ಕೆ ಸೆಳೆದುಕೊಂಡು ಗುಳಿ ಬಿದ್ದಾಗ ತೋರಿಸಿದಳು. ಯಾಕೆ ಮುಚ್ಚಿಟ್ಟೆ ಎಂದು ನಾನು ಜೋರು ಮಾಡಿದರೆ, "ನೋವಿದ್ದಿದ್ರೆ ಹೇಳ್ತಿದ್ದೆ ಬಿಡೇ" ಎಂದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ವರ್ಷ ವರ್ಷವೂ ಮಕ್ಕಳಿಗೆ ಕೋಶ ವಿಭಜನೆಯ ಚಿತ್ರ ಬಿಡಿಸಿ ತೋರಿಸುತ್ತಿದ್ದ ನಾನು, ಸ್ತನ ಕ್ಯಾನ್ಸರಿನ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ ಎಂಬ ಒಂದೇ ಒಂದು ಮಾತನ್ನು ಒಡಹುಟ್ಟಿದವಳಿಗೆ ಹೇಳಿರಲಿಲ್ಲ. ಅವಳು 2016ರಲ್ಲಿ ತೀರಿಕೊಂಡಳು. ಆ ನಡಿಗೆಯ ಹಿಂದೆ ಇದ್ದದ್ದು ಈ ಸಂಕಟ, ನಿಮ್ಮ ಪ್ರಶ್ನೆಯ ಹಿಂದೆಯೂ ಇಂಥದ್ದೇ ಒಂದು ಇರಬಹುದು.

ತಪ್ಪು ನಡೆದದ್ದು ರಸ್ತೆಯ ಮೇಲಲ್ಲ, ಮಂಡಿಪೇಟೆಯ ಒಂದು ಮುದ್ರಣಾಲಯದಲ್ಲಿ, ನಡಿಗೆಗೆ ಇನ್ನೂ ಐದು ವಾರ ಇರುವಾಗ. ತಲಾ ಐವತ್ತು ಹಾಳೆಯ ನಲವತ್ತು ರಸೀದಿ ಪುಸ್ತಕಗಳನ್ನು ಅಚ್ಚು ಹಾಕಿಸಲು ಹೋಗಿದ್ದೆ. ಮೇಲೆ ಸಮಿತಿಯ ಹೆಸರು, ಕೆಳಗೆ ದಾನಿಯ ಹೆಸರು ಮತ್ತು ಮೊತ್ತ, ನಡುವೆ ಒಂದು ಸಾಲು: "ಸ್ತನ ಕ್ಯಾನ್ಸರ್ ಸಂಶೋಧನಾ ನಿಧಿಗೆ ಸಂದಾಯ." ಮುದ್ರಣಾಲಯದವರು ಕರಡು ಓದಿ, "ಯಾರ ಸಂಶೋಧನೆ ಅಂತ ಹಾಕಲಿ ಮೇಡಂ? ಆಸ್ಪತ್ರೆ ಹೆಸರು ಬೇಡ್ವಾ?" ಎಂದು ಕೇಳಿದರು. ನಾನು, "ಅದನ್ನು ಆಮೇಲೆ ನೋಡೋಣ, ಈಗ ಇಷ್ಟೇ ಇರಲಿ" ಎಂದೆ. ಅಂದು ಅಷ್ಟು ಸರಿಯಾದ ಪ್ರಶ್ನೆಯನ್ನು ನಮ್ಮ ಸಮಿತಿಯ ಹನ್ನೊಂದು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ.

ಈ ಒಂದು ಸಾಲು ಇಷ್ಟು ದೊಡ್ಡ ತಪ್ಪು ಹೇಗಾಯಿತು ಎಂದು ನಿಮಗೆ ಅನ್ನಿಸಬಹುದು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ರಸೀದಿಯ ಮೇಲಿನ ಉದ್ದೇಶವೆಂದರೆ ಕೊಡುವವರಿಗೆ ನಾವು ಬರೆದುಕೊಡುವ ಮಾತು. ಒಬ್ಬರು ಸಂಶೋಧನೆಗೆಂದು ಐದು ನೂರು ಕೊಟ್ಟರೆ ಆ ಐದು ನೂರು ಸಂಶೋಧನೆಗೇ ಹೋಗಬೇಕು. ಅದಕ್ಕಿಂತ ಒಳ್ಳೆಯ ಕೆಲಸ ಕಣ್ಣೆದುರಿಗೆ ಬಂದು ನಿಂತರೂ ಅದನ್ನು ತಿರುಗಿಸುವ ಅಧಿಕಾರ ಕೂಡಿಸಿದವರಿಗೆ ಇರುವುದಿಲ್ಲ. ಇದು ಒಂದು ಮುಖ. ಇನ್ನೊಂದು ಮುಖವೆಂದರೆ, ಆ ಪದದ ಅರ್ಥವನ್ನು ನಾವೇ ತಿಳಿದಿರಲಿಲ್ಲ. ಅಡಿಕೆ ಮಂಡಿಯ ಸಾಹುಕಾರರೊಬ್ಬರು ಸಂಶೋಧನೆ ಎಂದರೆ ಹೊಸ ಔಷಧಿ ಕಂಡುಹಿಡಿಯುವುದು ಎಂದುಕೊಂಡು ಹತ್ತು ಸಾವಿರ ಕೊಟ್ಟರು. ಚೌಕಿಪೇಟೆಯ ಬಟ್ಟೆ ಅಂಗಡಿಯವರು ನಮ್ಮೂರಿನಲ್ಲಿಯೇ ತಪಾಸಣೆ ಯಂತ್ರ ಬರುತ್ತದೆ ಎಂದುಕೊಂಡು ಕೊಟ್ಟರು. ನನ್ನ ಸಹೋದ್ಯೋಗಿಯೊಬ್ಬರು ಬಡ ರೋಗಿಗಳಿಗೆ ಹೋಗುತ್ತದೆ ಎಂದೇ ನಂಬಿದ್ದರು. ಒಂದೇ ರಸೀದಿಯಲ್ಲಿ ಮೂವರಿಗೂ ಅವರವರ ಆಸೆ ಕಾಣುವಂತೆ ಬರೆದಿದ್ದೆ, ಮತ್ತು ಹಾಗೆ ಬರೆದದ್ದರಿಂದಲೇ ಹಣ ಸುಲಭವಾಗಿ ಬಂತು ಎಂಬುದನ್ನೂ ಒಪ್ಪಿಕೊಳ್ಳಬೇಕು. ಮೊದಲೇ ಒಂದು ಸಂಸ್ಥೆಗೆ ಪತ್ರ ಬರೆದು, ನಿಮ್ಮಲ್ಲಿ ಯಾವ ಅಧ್ಯಯನ ನಡೆಯುತ್ತಿದೆ, ಸಾರ್ವಜನಿಕರ ಹಣವನ್ನು ಯಾವ ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿ, ಅವರ ಉತ್ತರ ಕೈಗೆ ಬಂದಮೇಲೆ ರಸೀದಿ ಅಚ್ಚು ಹಾಕಿಸಿದ್ದರೆ ಸಾಕಾಗಿತ್ತು. ಹಾಗೆ ಕಾಯುತ್ತಾ ಕುಳಿತರೆ ಅಕ್ಟೋಬರ್ ಕಳೆದುಹೋಗುತ್ತದೆ ಎಂದು ನಾನು ಹೆದರಿದೆ. ಆ ಗಡುವನ್ನು ನಮಗೆ ಯಾರೂ ಹಾಕಿರಲಿಲ್ಲ. ನಡಿಗೆಯನ್ನು ಯುಗಾದಿಯ ಹೊತ್ತಿಗೆ ಇಟ್ಟುಕೊಂಡಿದ್ದರೂ ಅಷ್ಟೇ ಜನ ಬರುತ್ತಿದ್ದರು.

ನಡಿಗೆ ಮುಗಿದ ಮೇಲೆ ಎರಡು ಸಂಸ್ಥೆಗಳಿಗೆ ಪತ್ರ ಬರೆದೆವು. ಒಂದರಿಂದ ಉತ್ತರ ಬರಲು ಐದು ತಿಂಗಳು ಹಿಡಿಯಿತು. ಇನ್ನೊಂದು ಸಂಸ್ಥೆಯವರು ಬೇಗನೆ, ಬಹಳ ಸೌಜನ್ಯದಿಂದ ಬರೆದರು: ಇಷ್ಟು ಸಣ್ಣ ಮೊತ್ತವನ್ನು ಅವರು ಸಾಮಾನ್ಯವಾಗಿ ರೋಗಿಗಳ ನೆರವಿನ ನಿಧಿಗೆ ಜಮಾ ಮಾಡಿಕೊಳ್ಳುತ್ತಾರೆ, ಸಂಶೋಧನೆಗೇ ಬೇಕೆಂದರೆ ಯಾವ ಅಧ್ಯಯನಕ್ಕೆ ಎಂದು ನಾವೇ ಹೆಸರಿಸಿ ಪತ್ರ ಕೊಡಬೇಕು, ಅದಕ್ಕೆ ಅವರ ಒಳಗಿನ ಒಪ್ಪಿಗೆಯೂ ಆಗಬೇಕು. ಇದರ ಜೊತೆಗೆ, ಹಣ ಇದ್ದದ್ದು ನಮ್ಮ ಮೂವರ ಹೆಸರಿನ ಜಂಟಿ ಉಳಿತಾಯ ಖಾತೆಯಲ್ಲಿ. ಹಾಗಾಗಿ ಮಂಡಿಯ ಸಾಹುಕಾರರು ಆದಾಯ ತೆರಿಗೆ ವಿನಾಯಿತಿಗೆ ಬೇಕಾದ 80ಜಿ ರಸೀದಿ ಕೇಳಿದಾಗ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ಅವರು ಕೊಟ್ಟದ್ದು ನಗದು, ಮತ್ತು ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಆ ವಿನಾಯಿತಿ ಹೇಗೂ ಸಿಗುತ್ತಿರಲಿಲ್ಲ ಎಂಬುದು ನಮಗೂ ಅವರಿಗೂ ಆಮೇಲೆ ತಿಳಿಯಿತು.

ಇಷ್ಟೇ ಆಗಿದ್ದರೆ ಅದನ್ನು ಲೆಕ್ಕಪತ್ರದ ತೊಡಕು ಎಂದು ಮರೆಯಬಹುದಿತ್ತು. ನಡಿಗೆ ಮುಗಿದ ದಿನ ಜಯದೇವ ವೃತ್ತದಲ್ಲಿ ನಾವು ಹಾಕಿದ್ದ ಮೇಜಿನ ಹತ್ತಿರ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ, ನಲವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಬಂದು, ನನ್ನ ವಿದ್ಯಾರ್ಥಿನಿಯ ಕಿವಿಯಲ್ಲಿ ಏನೋ ಹೇಳಿದರು. ಹುಡುಗಿ ನನ್ನನ್ನು ಕರೆದಳು. "ಗಂಟೈತಿ, ನೋವಿಲ್ಲ. ಹೋಗಿ ತೋರಿಸ್ಬೇಕಾ ಮೇಡಂ?" ಎಂದು ಅವರು ಕೇಳಿದರು. ನನಗೆ ಅಕ್ಕನ ದನಿಯೇ ಕೇಳಿದಂತಾಯಿತು. ನಾಳೆಯೇ ಜಿಲ್ಲಾ ಆಸ್ಪತ್ರೆಗೆ ಹೋಗಿ ಎಂದೆ. ಅವರು ಹೋದರು, ಸ್ಕ್ಯಾನಿಂಗ್ ಆಯಿತು, ಸೂಜಿ ಪರೀಕ್ಷೆಯೂ ಆಯಿತು, ಬೆಂಗಳೂರಿಗೆ ಹೋಗಬೇಕೆಂದು ತಿಳಿಯಿತು. ಬಿಪಿಎಲ್ ಕಾರ್ಡು ಇದ್ದುದರಿಂದ, ಆ ವರ್ಷವಷ್ಟೇ ಆರಂಭವಾಗಿದ್ದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಅವರ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿತ್ತು. ಚಿಕಿತ್ಸೆಯ ಖರ್ಚು ಅವರ ತೊಂದರೆಯಾಗಿರಲಿಲ್ಲ. ಇನ್ನೂರ ಅರವತ್ತು ಕಿಲೋಮೀಟರ್ ದೂರದ ಊರಿಗೆ ಹೋಗಿಬರುವ ಖರ್ಚು, ಜೊತೆಗೆ ಬರುವವರ ಖರ್ಚು, ಅಲ್ಲಿ ಉಳಿಯುವ ಜಾಗ, ಹೋದಷ್ಟೂ ದಿನದ ಕೂಲಿ, ಮನೆಯಲ್ಲಿ ಬಿಟ್ಟುಹೋಗುವ ಮಕ್ಕಳು, ಇವು ತೊಂದರೆ. ಕೀಮೋ ಎಂದರೆ ಒಂದು ಸಲ ಹೋಗಿ ಮುಗಿಸಿ ಬರುವುದಲ್ಲ, ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ ತಿಂಗಳುಗಟ್ಟಲೆ ಹೋಗಬೇಕು.

ನವೆಂಬರ್‌ನಲ್ಲಿ ಅವರು ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದರು. ನನ್ನ ಕೈಚೀಲದಲ್ಲಿ 2,44,250 ರೂಪಾಯಿಯ ಪಾಸ್‌ಬುಕ್ ಇತ್ತು. ಅಂದು ಸಂಜೆಯೇ ಸಮಿತಿಯನ್ನು ನಮ್ಮ ಮನೆಗೆ ಕರೆದೆ. ಅರ್ಧ ಜನ ತಕ್ಷಣ ಕೊಡೋಣ ಎಂದರು. ಬ್ಯಾಂಕಿನಿಂದ ನಿವೃತ್ತರಾಗಿದ್ದ ಒಬ್ಬ ಹಿರಿಯರು ರಸೀದಿ ಪುಸ್ತಕವನ್ನು ತೆರೆದು ಆ ಸಾಲಿನ ಮೇಲೆ ಬೆರಳಿಟ್ಟು, "ಇದನ್ನು ಬದಲಾಯಿಸುವ ಹಕ್ಕು ನಮಗಿಲ್ಲಮ್ಮ, ಕೊಟ್ಟವರಿಗೆ ಮಾತ್ರ ಇದೆ" ಎಂದರು. ಅಂದು ಅವರ ಮೇಲೆ ಬಹಳ ಕೋಪ ಬಂದಿತ್ತು. ಅವರು ಹೇಳಿದ್ದು ಸರಿಯಾಗಿತ್ತು. ಇಬ್ಬರು ಎದ್ದು ಹೋದರು, ಮತ್ತೆ ಸಮಿತಿಗೆ ಬರಲಿಲ್ಲ. ನಾನು ನನ್ನ ಕೈಯಿಂದ ಎರಡು ಸಾವಿರ ಕೊಟ್ಟೆ. ಒಂದು ಸಲದ ದಾರಿಖರ್ಚು ಕೈಗೆ ಬಂದ ಮಾತ್ರಕ್ಕೆ ಆರು ಸಲ ಹೋಗಿಬರುವ ಧೈರ್ಯ ಬರುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಅವರು ಹೊರಟದ್ದು ಫೆಬ್ರವರಿಯಲ್ಲಿ, ಅಣ್ಣನೊಬ್ಬ ಊರಿನಿಂದ ಬಂದು ಕರೆದುಕೊಂಡು ಹೋದಮೇಲೆ. ಅಷ್ಟರಲ್ಲಿ ರೋಗ ಕಂಕುಳಿನ ಗ್ರಂಥಿಗಳಿಗೆ ಹೋಗಿತ್ತು. ನವೆಂಬರ್‌ನಲ್ಲಿಯೇ ಅಲ್ಲಿತ್ತೋ ಇಲ್ಲವೋ ಯಾರೂ ಹೇಳಲಾಗದು ಎಂದು ವೈದ್ಯರು ನನಗೆ ಹೇಳಿದರು. ಅವರು ಈಗಲೂ ಇದ್ದಾರೆ, ಭಟ್ಟಿಯ ಬಿಸಿಗೆ ಹೋಗುವುದನ್ನು ಬಿಟ್ಟು ಬೇರೆ ಕೆಲಸ ಮಾಡುತ್ತಾರೆ, ತಪ್ಪದೆ ತಪಾಸಣೆಗೆ ಹೋಗಿಬರುತ್ತಾರೆ. ಆದರೂ ಆ ಮೂರು ತಿಂಗಳ ಲೆಕ್ಕ ನನ್ನ ತಲೆಯಿಂದ ಹೋಗಿಲ್ಲ.

ಆಮೇಲೆ ನಾವು ಮಾಡಿದ್ದು ಒಂದೇ ದಾರಿ. ಕೊಟ್ಟ ಪ್ರತಿಯೊಬ್ಬರನ್ನೂ ಕೇಳಲು ಹೊರಟೆವು. 1,312 ರಸೀದಿಗಳಲ್ಲಿ ಫೋನ್ ನಂಬರ್ ಬರೆದಿದ್ದದ್ದು 871ರಲ್ಲಿ ಮಾತ್ರ. ಶಾಲೆ ಮುಗಿದ ಮೇಲೆ ದಿನಕ್ಕೆ ಹತ್ತು ಹದಿನೈದು ಕರೆ ಮಾಡುತ್ತಿದ್ದೆ, ದೊಡ್ಡ ಮೊತ್ತ ಕೊಟ್ಟವರ ಮನೆಗೆ ಹೋಗಿ ಲಿಖಿತ ಒಪ್ಪಿಗೆ ತರುತ್ತಿದ್ದೆ. ಬಹಳ ಜನ ಒಪ್ಪಿದರು. ಕೆಲವರು ಸಂಶೋಧನೆಗೇ ಹೋಗಲಿ ಎಂದರು, ಅದು ಅವರ ಹಕ್ಕು. ಮಂಡಿಯ ಸಾಹುಕಾರರು ಎದ್ದು ನಿಂತು ಕೈಮುಗಿದು, "ನೀವು ಒಳ್ಳೆಯವರು, ಆದರೆ ಮುಂದಿನ ವರ್ಷ ನನ್ನ ಹತ್ತಿರ ಬರಬೇಡಿ" ಎಂದರು. 2019ರ ಡಿಸೆಂಬರ್ ಹೊತ್ತಿಗೆ 1,58,000 ರೂಪಾಯಿ ರೋಗಿಗಳ ಓಡಾಟ ಮತ್ತು ಪರೀಕ್ಷೆಗಳಿಗೆ ಎಂದು ಬೇರೆಯಾಯಿತು. ಒಪ್ಪದವರ ಮತ್ತು ಸಿಕ್ಕದವರ ಪಾಲಾದ 86,250 ರೂಪಾಯಿ ಒಂದು ಸಂಸ್ಥೆಯ ಸಂಶೋಧನಾ ನಿಧಿಗೆ ಹೋಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಡಿಗೆಯೋ ಸಂಗೀತ ಸಂಜೆಯೋ ಎಂಬಲ್ಲಿಂದ ಶುರು ಮಾಡುವುದೇ ತಪ್ಪು ಎನ್ನುವುದು ನನ್ನ ಅಭಿಪ್ರಾಯ. ಹಣ ಯಾರ ಕೈಗೆ, ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಒಂದೇ ವಾಕ್ಯದಲ್ಲಿ ಬರೆಯಲು ಆಗುವವರೆಗೆ ನೀವು ಯಾವ ಸಭಾಂಗಣವನ್ನೂ ಕಾಯ್ದಿರಿಸಬೇಡಿ.

ಸಂಶೋಧನೆಗೆ ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ದೇಶದಲ್ಲಿಯೇ ನಡೆದ ಎರಡು ಅಧ್ಯಯನಗಳನ್ನು ಓದಿದ ಮೇಲೆ ಸಂಶೋಧನೆಯ ಮೇಲೆ ನನಗಿದ್ದ ಗೌರವ ಇನ್ನೂ ಹೆಚ್ಚಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿ, ಅಲ್ಲಿನ ಬಡ ಬಡಾವಣೆಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಎರಡು ಗುಂಪು ಮಾಡಿ, ಇಪ್ಪತ್ತು ವರ್ಷ ಬೆನ್ನುಹತ್ತಿ ನೋಡಿದರು. ಒಂದು ಗುಂಪಿನವರ ಎದೆಯನ್ನು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆ ಗುಂಪಿನಲ್ಲಿ ರೋಗ ಬೇಗನೆಯ ಹಂತದಲ್ಲಿ ಸಿಕ್ಕಿತು, ಮತ್ತು 50 ವರ್ಷ ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಯಿತು. ಕಿರಿಯ ವಯಸ್ಸಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ, ಅದನ್ನೂ ಅವರು ಮುಚ್ಚಿಡದೆ ಬರೆದರು. ಎರಡನೆಯದು 2023ರಲ್ಲಿ ಪ್ರಕಟವಾದದ್ದು. ಶಸ್ತ್ರಚಿಕಿತ್ಸೆಗೆ ಕೆಲವು ನಿಮಿಷ ಮುಂಚೆ ಗಡ್ಡೆಯ ಸುತ್ತ ಲಿಡೊಕೇನ್ ಎಂಬ, ಹಲ್ಲು ಕೀಳುವಾಗಲೂ ಕೊಡುವ ಅಗ್ಗದ ಮರಗಟ್ಟಿಸುವ ಮದ್ದನ್ನು ಚುಚ್ಚಿದರೆ ಏನಾಗುತ್ತದೆ ಎಂದು ದೇಶದ 11 ಕೇಂದ್ರಗಳಲ್ಲಿ ಸುಮಾರು 1,600 ಮಹಿಳೆಯರ ಮೇಲೆ ನೋಡಿದರು. ಐದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಮದ್ದು ಚುಚ್ಚದ ಗುಂಪಿನಲ್ಲಿ ಶೇ 86.4, ಚುಚ್ಚಿದ ಗುಂಪಿನಲ್ಲಿ ಶೇ 90.1 ಇತ್ತು. ಸಂಶೋಧನೆ ಎಂದರೆ ಹೀಗೆ ವರ್ಷಗಟ್ಟಲೆ, ಒಬ್ಬೊಬ್ಬ ಹೆಂಗಸನ್ನೂ ಕೈಬಿಡದೆ ಲೆಕ್ಕ ಇಡುವ ಕೆಲಸ. ನಡುವೆ ಚಿಕಿತ್ಸೆ ಬಿಟ್ಟು ಕಾಣೆಯಾದ ರೋಗಿಯಿಂದ ಯಾವ ಅಧ್ಯಯನವೂ ಏನನ್ನೂ ಕಲಿಯಲಾರದು. ಆದ್ದರಿಂದ ಜಗಳೂರಿನ ಒಬ್ಬ ಹೆಣ್ಣುಮಗಳು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಆರನೆಯ ಸಲವೂ ತಪ್ಪದೆ ಹೋಗುವಂತೆ ನೋಡಿಕೊಳ್ಳುವುದು ಸಂಶೋಧನೆಯಿಂದ ಬಹಳ ದೂರದ ಕೆಲಸ ಎಂದು ನನಗೆ ಅನ್ನಿಸುವುದಿಲ್ಲ.

ನಿಮ್ಮ ಮನಸ್ಸು ಸಂಶೋಧನೆಯಲ್ಲಿಯೇ ಇದ್ದರೆ, ಸಂಸ್ಥೆಯಿಂದ ಮೊದಲೇ ಲಿಖಿತ ಒಪ್ಪಿಗೆ ತರಿಸಿಕೊಳ್ಳಿ, ಮತ್ತು ಹಣವನ್ನು ನಿಮ್ಮ ಕೈಯಿಂದ ಹಾಯಿಸಲೇಬೇಡಿ. ದಾನಿಗಳು ನೇರವಾಗಿ ಸಂಸ್ಥೆಯ ಖಾತೆಗೆ ಕಟ್ಟಲಿ, ರಸೀದಿಯೂ ತೆರಿಗೆಯ ಪತ್ರವೂ ಅಲ್ಲಿಂದಲೇ ಬರಲಿ, ನೀವು ಜನರನ್ನು ಕರೆತರುವ ಕೆಲಸವನ್ನಷ್ಟೇ ಮಾಡಿ. ಊರಿನವರ ಓಡಾಟಕ್ಕೆ ಕೂಡಿಸುವುದಾದರೆ ಅದನ್ನೇ ಬರೆಯಿರಿ: "ದಾವಣಗೆರೆ ಜಿಲ್ಲೆಯ ಸ್ತನ ಕ್ಯಾನ್ಸರ್ ರೋಗಿಗಳ ಪರೀಕ್ಷೆ, ಪ್ರಯಾಣ ಮತ್ತು ವಾಸ್ತವ್ಯದ ವೆಚ್ಚಕ್ಕೆ." ಸಂಶೋಧನೆ ಎಂಬ ಪದದ ಗಾಂಭೀರ್ಯ ಇದಕ್ಕಿಲ್ಲ ಎಂದು ನಮ್ಮ ಸಮಿತಿಯಲ್ಲಿ ಒಬ್ಬರು ಅಂದಿದ್ದರು. ಈಗ ನಮ್ಮ ರಸೀದಿಯಲ್ಲಿ ಇರುವುದು ಇದೇ ಸಾಲು, ಮತ್ತು ಅದನ್ನು ಓದಿ ಯಾರೂ ಕೈ ಹಿಂದಕ್ಕೆ ಎಳೆದುಕೊಂಡಿಲ್ಲ.

ಜಾಗೃತಿಯ ಬಗ್ಗೆಯೂ ಒಂದು ಮಾತು, ಏಕೆಂದರೆ ಪ್ರತಿ ತಿಂಗಳು ಸ್ವಯಂ ಪರೀಕ್ಷೆ ಮಾಡಿಕೊಳ್ಳಲು ಕಲಿಸುವ ಕರಪತ್ರ ಹಂಚುತ್ತೇವೆ ಎಂದು ಬರೆದಿದ್ದೀರಿ. ನಾವೂ ಎರಡು ಸಾವಿರ ಹಂಚಿದ್ದೆವು. ಚೀನಾದ ಶಾಂಘೈಯಲ್ಲಿ ಬಟ್ಟೆ ಗಿರಣಿಗಳ 2,66,064 ಮಹಿಳೆಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾಗೆ ಕಲಿಸಿದವರಲ್ಲಿಯೂ ಕಲಿಸದವರಲ್ಲಿಯೂ ಸಾವಿನ ಪ್ರಮಾಣ ಒಂದೇ ಆಗಿತ್ತು, ಅಪಾಯವಿಲ್ಲದ ಗಂಟುಗಳಿಗೆ ಬಯಾಪ್ಸಿ ಮಾಡಿಸಿಕೊಂಡವರು ಮಾತ್ರ ಹೆಚ್ಚಾದರು. ನಮ್ಮದೂ ಒಂದು ಕಾಲಕ್ಕೆ ಗಿರಣಿಗಳ ಊರಾದ್ದರಿಂದ ಆ ಹೆಣ್ಣುಮಕ್ಕಳು ನನಗೆ ದೂರದವರು ಅನ್ನಿಸಲಿಲ್ಲ. ವೇಳಾಪಟ್ಟಿ ಹಾಕಿ ತಿಂಗಳು ತಿಂಗಳು ಹುಡುಕಿಕೊಳ್ಳಿ ಎಂದು ಹೇಳುವುದಕ್ಕಿಂತ, ಸ್ನಾನ ಮಾಡುವಾಗ ಹೊಸದಾಗಿ ಏನಾದರೂ ಕೈಗೆ ಸಿಕ್ಕರೆ ಒಂದು ವಾರದೊಳಗೆ ತೋರಿಸಿ ಎಂದು ಹೇಳಿ. ನೋವಿಲ್ಲದ ಗಂಟು, ಕಂಕುಳಿನಲ್ಲಿ ಗಡ್ಡೆ, ಕಿತ್ತಳೆ ಸಿಪ್ಪೆಯಂತಾದ ಚರ್ಮ, ಇದ್ದಕ್ಕಿದ್ದಂತೆ ಒಳಕ್ಕೆ ಸರಿದ ಮೊಲೆತೊಟ್ಟು, ತೊಟ್ಟಿನಿಂದ ರಕ್ತ, ಇವನ್ನು ಅವರ ಮಾತಿನಲ್ಲಿಯೇ ಹೇಳಿ. 30 ವರ್ಷ ದಾಟಿದ ಹೆಂಗಸರಿಗೆ ಎದೆಯ ಪರೀಕ್ಷೆ ಮಾಡಬೇಕೆಂದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಲ್ಲಿಯೇ ಇದೆ. ನಿಮ್ಮ ಬಡಾವಣೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಯಾವ ದಿನ, ಯಾರು ಮಾಡುತ್ತಾರೆ ಎಂದು ಹೋಗಿ ಕೇಳಿ ತಿಳಿದುಕೊಂಡು, ಆ ದಿನ ಮತ್ತು ಆಶಾ ಕಾರ್ಯಕರ್ತೆಯನ್ನು ಕಾಣಬೇಕಾದ ಜಾಗವನ್ನು ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿ. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 1.92 ಲಕ್ಷ ಹೊಸ ರೋಗಿಗಳು, ಸುಮಾರು 98 ಸಾವಿರ ಸಾವು. ಈ ಸಾವುಗಳಿಗೆ ಒಂದು ಮುಖ್ಯ ಕಾರಣ ತಡವಾಗಿ ತೋರಿಸುವುದು, ಮತ್ತು ತಡವಾಗುವುದು ಹೇಗೆ ಎಂಬುದನ್ನು ನೀವೂ ನಾನೂ ನಮ್ಮ ನಮ್ಮ ಮನೆಯಲ್ಲಿ ನೋಡಿದ್ದೇವೆ.

ಇಷ್ಟೆಲ್ಲ ತೀರ್ಮಾನವಾದ ಮೇಲೆ, ನನ್ನನ್ನು ಕೇಳಿದರೆ, ನಡಿಗೆಯನ್ನೇ ಮಾಡಿ. ಸಂಗೀತ ಸಂಜೆಯಲ್ಲಿ ಸಭಾಂಗಣದ ಬಾಡಿಗೆ ಮತ್ತು ಕಲಾವಿದರ ಸಂಭಾವನೆಗೆ ಅರ್ಧ ಹಣ ಹೋಗುತ್ತದೆ, ಬರುವವರು ಕುಳಿತು ಕೇಳಿ ಎದ್ದು ಹೋಗುತ್ತಾರೆ, ಭಟ್ಟಿಯ ಹೆಣ್ಣುಮಗಳು ಆ ಬಾಗಿಲೊಳಗೆ ಬರುವುದೇ ಇಲ್ಲ. ನಡಿಗೆಗೆ ಗುಲಾಬಿ ಅಂಗಿ ಮಾಡಿಸಬೇಡಿ, ನಮ್ಮ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಯಿತು. ವಿದ್ಯಾನಗರದ ಸುತ್ತ ತಿರುಗುವ ಬದಲು ಆಜಾದ್ ನಗರದ ಭಟ್ಟಿಗಳ ಕಡೆಗೆ ನಡೆಯಿರಿ. ಮುಗಿಯುವ ಜಾಗದಲ್ಲಿ ಪರದೆ ಹಾಕಿದ ಒಂದು ಮೂಲೆ ಇರಲಿ, ಅಲ್ಲಿ ಒಬ್ಬ ನರ್ಸ್ ಕುಳಿತಿರಲಿ, ಬಂದವರ ಹೆಸರು, ಫೋನ್ ನಂಬರ್, ಆಸ್ಪತ್ರೆಗೆ ಜೊತೆಗೆ ಹೋಗುವವರ ಹೆಸರು ಬರೆದುಕೊಳ್ಳಲು ಒಂದು ಪುಸ್ತಕ ಇರಲಿ. ರಸೀದಿ ಅಚ್ಚಿಗೆ ಹೋಗುವ ಮೊದಲು ಅದರ ಕರಡನ್ನು ಇಲ್ಲಿಯೇ ಹಾಕಿ, ನಾನು ಓದಿ ಹೇಳುತ್ತೇನೆ.